ಸ್ಟ್ಯಾಗ್‌ಹಾರ್ನ್ ಜರೀಗಿಡವನ್ನು ಮನೆಯಲ್ಲಿ ಹೆಚ್ಚಿಸುವ ಬಗೆ

ಕವಲೊಡೆದ ಉದ್ದನೆಯ ಎಲೆಗಳನ್ನು ಚಾಚಿಕೊಂಡು ಗೋಡೆಯ ಹಲಗೆಯೊಂದರ ಮೇಲೆ ಮಣ್ಣಿಲ್ಲದೆ ಬೆಳೆಯುವ ಸ್ಟ್ಯಾಗ್‌ಹಾರ್ನ್ ಜರೀಗಿಡವನ್ನು ಮೊದಲ ಬಾರಿ ಕಂಡವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಒಂದು ಎಲೆ ಕೊಟ್ಟರೆ ನೆಟ್ಟುಕೊಳ್ಳಬಹುದೇ? ನೆಡಬಹುದು, ಆದರೆ ಅದು ಬದುಕುವುದಿಲ್ಲ. ನೀರಿನಲ್ಲಿಟ್ಟರೂ, ಮಣ್ಣಿಗೆ ಚುಚ್ಚಿದರೂ, ಬೇರು ಬರಿಸುವ ಪುಡಿಯಲ್ಲಿ ಅದ್ದಿದರೂ ಆ ಎಲೆ ಕೆಲವು ವಾರ ಹಸಿರಾಗಿದ್ದು ಬಳಿಕ ಕೊಳೆತುಹೋಗುತ್ತದೆ. ಇದರ ಕಾರಣ ತಿಳಿದರೆ ಈ ಗಿಡವನ್ನು ಹೆಚ್ಚಿಸುವ ಕೆಲಸ ಮುಕ್ಕಾಲು ಪಾಲು ತಿಳಿದಂತೆ.

ನಾವು ಕಡ್ಡಿ ಕತ್ತರಿಸಿ ನೆಡುವ ಹೆಚ್ಚಿನ ಗಿಡಗಳ ಕಾಂಡದಲ್ಲಿ ಗೆಣ್ಣುಗಳಿರುತ್ತವೆ, ಗೆಣ್ಣುಗಳಲ್ಲಿ ಮೊಗ್ಗುಗಳಿರುತ್ತವೆ. ಹಾಗಾಗಿ ಒಂದು ತುಂಡಿಗೂ ಹೊಸ ಗಿಡವಾಗುವ ಸಾಮರ್ಥ್ಯವಿರುತ್ತದೆ. ಸ್ಟ್ಯಾಗ್‌ಹಾರ್ನ್ ಗಿಡದ ಕಟ್ಟೋಣವೇ ಬೇರೆ. ಅದರ ಕಾಂಡ ಎಂದರೆ ಎಲೆಗಳ ಹಿಂದೆ ಅಡಗಿ ಕುಳಿತ ಗಿಡ್ಡನೆಯ ಬೇರುಕಾಂಡ. ಆ ಬೇರುಕಾಂಡದ ತುದಿಯಲ್ಲಿ ಕಂದು ರೋಮಗಳಿಂದ ಮುಚ್ಚಿದ ಒಂದು ಕಣ್ಣಿದೆ. ಹೊಸ ಎಲೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಕತ್ತರಿಸಿಕೊಂಡ ಎಲೆಯಲ್ಲಿ ಕಣ್ಣೂ ಇಲ್ಲ, ಕಣ್ಣನ್ನು ಮತ್ತೆ ಹುಟ್ಟಿಸಿಕೊಳ್ಳುವ ಸ್ಥಿತಿಯೂ ಇಲ್ಲ. ಪ್ರಯೋಗಾಲಯದ ಅಂಗಾಂಶ ಕೃಷಿಯಲ್ಲಿ ಸಣ್ಣ ತುಣುಕುಗಳಿಂದಲೂ ಗಿಡ ಪಡೆಯುತ್ತಾರೆ. ಆದರೆ ಅದಕ್ಕೆ ಬೇಕಾದ ಕ್ರಿಮಿರಹಿತ ಗಾಜಿನ ಪಾತ್ರೆ, ಪೋಷಕ ದ್ರಾವಣಗಳು ಮನೆಯ ಕೆಲಸವಲ್ಲ. ಮನೆಯಲ್ಲಿ ನಮಗಿರುವುದು ಎರಡೇ ದಾರಿ: ತನ್ನದೇ ಕಣ್ಣು ಮತ್ತು ಬೇರು ಇರುವ ಮರಿಯನ್ನು ತಾಯಿಗಿಡದಿಂದ ಬಿಡಿಸಿಕೊಳ್ಳುವುದು, ಇಲ್ಲವೇ ಎಲೆಯ ಅಡಿಯ ಬೀಜಕಣಗಳಿಂದ ಮೊದಲಿನಿಂದ ಆರಂಭಿಸುವುದು.

ಕತ್ತಿ ಹಿಡಿಯುವ ಮುನ್ನ ಗಿಡದ ಎರಡು ಬಗೆಯ ಎಲೆಗಳನ್ನು ಗುರುತಿಸಲು ಬರಬೇಕು. ಹೊರಗೆ ಚಾಚಿರುವ ಕೊಂಬಿನಾಕಾರದ ಎಲೆಗಳು ಬೀಜಕಣಗಳನ್ನು ಹೊರುವವು. ಬುಡದಲ್ಲಿ ಹಲಗೆಗೆ ಅಂಟಿಕೊಂಡು ದುಂಡಗೆ ಹರಡುವವು ಗುರಾಣಿ ಎಲೆಗಳು. ಇವು ಎಳೆಯದಾಗಿದ್ದಾಗ ಹಸಿರಾಗಿದ್ದು, ಬೆಳೆದು ಮುಗಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕಾಗದದಂತಾಗುತ್ತವೆ. ಒಣಗಿದ ಎಲೆಯೆಂದು ಅದನ್ನು ಕಿತ್ತುಹಾಕುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದರ ಮೇಲೊಂದು ಪದರವಾಗಿ ಕೂತ ಈ ಹಳೆಯ ಗುರಾಣಿಗಳ ನಡುವೆಯೇ ಬೇರುಗಳು ಹೆಣೆದುಕೊಂಡಿರುತ್ತವೆ. ನೀರನ್ನು ಹಿಡಿದಿಡುವುದೂ, ಕೊಳೆತು ಗಿಡಕ್ಕೆ ಆಹಾರವಾಗುವುದೂ ಆ ಪದರಗಳೇ. ಮರದ ಕೊಂಬೆಯನ್ನು ಅಪ್ಪಿಕೊಂಡು ಬದುಕುವ ಗಿಡಕ್ಕೆ ಅದೇ ಮಣ್ಣು. ಹಾಗೆಯೇ ಎಲೆಯ ಮೇಲಿನ ಬೂದಿಬಣ್ಣದ ಹುಡಿ ಧೂಳಲ್ಲ, ನಕ್ಷತ್ರಾಕಾರದ ಸೂಕ್ಷ್ಮ ರೋಮಗಳು. ನೀರು ಆವಿಯಾಗಿ ಹೋಗುವುದನ್ನು ಅವು ತಗ್ಗಿಸುತ್ತವೆ. ಬಟ್ಟೆಯಿಂದ ಒರೆಸಬಾರದು.

ಇನ್ನು ಜಾತಿಯ ವಿಚಾರ. ಸ್ಟ್ಯಾಗ್‌ಹಾರ್ನ್ ಸೇರಿರುವ ಪ್ಲಾಟಿಸೀರಿಯಮ್ ಕುಲದಲ್ಲಿ ಸುಮಾರು 18 ಪ್ರಭೇದಗಳಿವೆ. ಆಫ್ರಿಕಾ, ಮಡಗಾಸ್ಕರ್, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಅವು ಹರಡಿವೆ. ಪ್ಲಾಟಿಸೀರಿಯಮ್ ಆಂಡಿನಮ್ ಎಂಬ ಒಂದು ಮಾತ್ರ ದಕ್ಷಿಣ ಅಮೆರಿಕದ್ದು. ವಾಲಿಚೀ ಎಂಬುದು ಈಶಾನ್ಯ ಭಾರತದಿಂದ ಮ್ಯಾನ್ಮಾರ್, ಥಾಯ್ಲೆಂಡ್‌ವರೆಗಿನ ಕಾಡುಗಳದ್ದು. ಮನೆಗಳಲ್ಲಿ ಅತಿ ಹೆಚ್ಚು ಕಾಣುವುದು ಪೂರ್ವ ಆಸ್ಟ್ರೇಲಿಯಾದ ಕಾಡುಗಳಲ್ಲಿ ಹೇರಳವಾಗಿರುವ ಬೈಫರ್ಕೇಟಮ್. ಇದು ಧಾರಾಳವಾಗಿ ಮರಿ ಹಾಕುತ್ತದೆ. ಆದರೆ ಸುಪರ್ಬಮ್, ಗ್ರಾಂಡೆ, ವಾಂಡೇ, ಹೋಲ್ಟುಮೀ ಮುಂತಾದವು ಒಂಟಿಯಾಗಿ ಬೆಳೆಯುವ ಜಾತಿಗಳು. ಅವುಗಳಿಗೆ ಒಂದೇ ಕಣ್ಣು, ಮರಿ ಬರುವುದಿಲ್ಲ. ಇಂಥ ಗಿಡವನ್ನು ಎರಡು ಭಾಗ ಮಾಡಲು ಹೋದರೆ ಕಣ್ಣಿಲ್ಲದ ಭಾಗ ಖಂಡಿತ ಸಾಯುತ್ತದೆ, ಕಣ್ಣಿರುವ ಭಾಗವೂ ಉಳಿಯುವ ಭರವಸೆಯಿಲ್ಲ.

ಗುರುತಿಸುವುದು ಹೇಗೆ? ಬೀಜಕಣಗಳ ಕಂದು ಮಚ್ಚೆ ಎಲ್ಲಿದೆ ಎಂಬುದನ್ನು ನೋಡಬೇಕು. ಬೈಫರ್ಕೇಟಮ್‌ನಲ್ಲಿ ಅದು ಕವಲುಗಳ ತುದಿಯಲ್ಲಿರುತ್ತದೆ. ಸುಪರ್ಬಮ್‌ನಲ್ಲಿ ಎಲೆ ಮೊದಲು ಕವಲೊಡೆಯುವ ಜಾಗದಲ್ಲಿ ಒಂದೇ ಒಂದು ದೊಡ್ಡ ಮಚ್ಚೆ. ಗ್ರಾಂಡೆಯಲ್ಲಿ ಅಂಥವು ಎರಡು. ಈ ಎರಡೂ ಜಾತಿಗಳು ಒಂದೇ ಎಂದು ಬಹುಕಾಲ ನಂಬಲಾಗಿತ್ತು, 1970ರಲ್ಲಷ್ಟೇ ಅವುಗಳನ್ನು ಬೇರೆ ಮಾಡಿದರು. ಮಚ್ಚೆಯಿನ್ನೂ ಬಾರದ ಎಳೆಯ ಗಿಡವಾಗಿದ್ದರೆ ಗುರಾಣಿಯನ್ನು ನೋಡಿ: ಮೇಲ್ಭಾಗ ಆಳವಾಗಿ ಸೀಳಿಕೊಂಡು ಕಿರೀಟದ ಹಾಗೆ ನೆಟ್ಟಗೆ ಏಳುತ್ತಿದ್ದು, ಗಿಡ ದೊಡ್ಡದಾದರೂ ಪಕ್ಕದಲ್ಲಿ ಒಂದೂ ಮರಿ ಕಾಣದಿದ್ದರೆ ಅದು ಒಂಟಿ ಜಾತಿಯಿರುವ ಸಂಭವವೇ ಹೆಚ್ಚು.

ಮರಿಯನ್ನು ಬಿಡಿಸಿಕೊಳ್ಳುವುದು

ಮರಿ ಹುಟ್ಟುವುದು ಬೇರಿನ ಮೇಲೆ. ಬೈಫರ್ಕೇಟಮ್‌ನ ಬೇರುಗಳಲ್ಲಿ ಮೊಗ್ಗುಗಳು ಮೂಡಿ, ಗುರಾಣಿಗಳ ಪದರವನ್ನು ಸೀಳಿಕೊಂಡು ಹೊರಗೆ ಇಣುಕುತ್ತವೆ. ಮೊದಲು ಬರುವುದು ಒಂದೆರಡು ನಾಲಗೆಯಾಕಾರದ ಪುಟ್ಟ ಎಲೆ, ಆಮೇಲೆ ಅದರದೇ ಆದ ಚಿಕ್ಕ ಗುರಾಣಿ. ಬಾಳೆಯ ಬುಡದ ಕಂದಿನ ಹಾಗೆ ಇದೂ ತಾಯಿಯ ತದ್ರೂಪು. ತಾಯಿಯ ಎಲೆಯ ಅಗಲ, ಕವಲು, ಬಣ್ಣ ಎಲ್ಲವೂ ಮರಿಯಲ್ಲಿ ಹಾಗೆಯೇ ಬರುತ್ತವೆ.

ಮರಿ ತಾಯಿಯ ಬಳಿ ಇರುವುದು ಬರಿಯ ಬಾಲ್ಯಕ್ಕಾಗಿ ಅಲ್ಲ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ ಬೈಫರ್ಕೇಟಮ್ ಗುಂಪುಗಳನ್ನು ಅಧ್ಯಯನ ಮಾಡಿದ ಕೆ. ಸಿ. ಬರ್ನ್ಸ್ ಮತ್ತು ಸಂಗಡಿಗರು 2021ರಲ್ಲಿ ಬೆರಗಿನ ಸಂಗತಿಯೊಂದನ್ನು ಪ್ರಕಟಿಸಿದರು. ಒಂದೇ ಗುಂಪಿನ ಗಿಡಗಳು ತಮ್ಮೊಳಗೆ ಕೆಲಸ ಹಂಚಿಕೊಂಡಂತೆ ಬೆಳೆಯುತ್ತವೆ. ಮೇಲಿರುವ ಗಿಡಗಳ ಎಲೆಗಳು ನೀರನ್ನು ಗುಂಪಿನ ಒಳಕ್ಕೆ ಹರಿಸುತ್ತವೆ, ಕೆಳಗಿನವು ನೀರನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ಕೆಲವು ಗಿಡಗಳು ಬೀಜಕಣಗಳನ್ನು ಹೊರುವುದೇ ಇಲ್ಲ. ಎಲ್ಲ ಬೇರುಗಳೂ ಸೇರಿ ಸ್ಪಂಜಿನಂಥ ಒಂದೇ ಮುದ್ದೆಯಾಗಿರುತ್ತವೆ. ಜೇನುಗೂಡಿನಂಥ ಸಂಘಜೀವನದ ಆರಂಭದ ರೂಪ ಸಸ್ಯಗಳಲ್ಲೂ ಇರಬಹುದೇ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಎತ್ತಿತು. ಸಂಘಜೀವನ ಎನ್ನಬೇಕೋ ಬೇಡವೋ ಎಂಬುದನ್ನು ವಿಜ್ಞಾನಿಗಳು ಚರ್ಚಿಸಲಿ. ಗಿಡ ಬೆಳೆಸುವವರಿಗೆ ಇದರಲ್ಲಿ ನೇರ ಪಾಠವಿದೆ. ಗುಂಪಿನಿಂದ ಹೊರಬಂದ ಮರಿ ಕಳೆದುಕೊಳ್ಳುವುದು ತಾಯಿಯ ಬೇರನ್ನಷ್ಟೇ ಅಲ್ಲ, ಇಡೀ ಗುಂಪಿನ ನೀರಿನ ಸಂಗ್ರಹವನ್ನು. ಆ ಕೊರತೆಯನ್ನು ನಾವು ತುಂಬಿಕೊಡಬೇಕು. ಗುಂಪನ್ನು ಪೂರ್ತಿ ಬರಿದು ಮಾಡಿದರೆ ತಾಯಿಗೂ ನಷ್ಟ. ಆದ್ದರಿಂದ ಹತ್ತು ಮರಿಗಳಿದ್ದರೆ ಎರಡು ಮೂರನ್ನು ಬಿಡಿಸಿ ಉಳಿದವನ್ನು ಹಾಗೆಯೇ ಬಿಡುವುದು ನನಗೆ ಸರಿಯೆನಿಸುತ್ತದೆ. ದೊಡ್ಡ ಗುಂಪಿನ ಚೆಲುವು ಒಂಟಿ ಗಿಡಕ್ಕೆ ಬರುವುದೂ ಇಲ್ಲ.

ಯಾವ ಮರಿ ಸಿದ್ಧವಾಗಿದೆ? ಎಲೆಯ ಉದ್ದಕ್ಕಿಂತ ಗುರಾಣಿಯ ಮೇಲೆ ಕಣ್ಣಿಡಿ. ಎಲೆಗಳು ಸುಮಾರು 10 ಸೆಂಟಿಮೀಟರ್ ದಾಟಿ, ಒಂದು ಗುರಾಣಿಯಾದರೂ ಚೆನ್ನಾಗಿ ಹರಡಿಕೊಂಡಿರಬೇಕು. ಗುರಾಣಿ ಇದೆಯೆಂದರೆ ಅದರ ಹಿಂದೆ ಬೇರು ಇದೆ, ಆ ಬೇರಿಗೆ ಒಂದು ಹೊದಿಕೆಯೂ ಇದೆ ಎಂದರ್ಥ. ಗುರಾಣಿಯಿಲ್ಲದ ಪುಟ್ಟ ಮರಿಯನ್ನು ಕಿತ್ತರೆ ಕೈಗೆ ಬರುವುದು ಎರಡು ಎಲೆ ಮತ್ತು ಕೂದಲೆಳೆಯಷ್ಟು ಬೇರು. ಅದನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಇನ್ನೊಂದು ಬೆಳವಣಿಗೆಯ ಕಾಲ ಕಾದರೆ ಅದೇ ಮರಿ ಸುಲಭವಾಗಿ ನಿಲ್ಲುತ್ತದೆ. ಬಿಡಿಸಲು ಒಳ್ಳೆಯ ಹೊತ್ತೆಂದರೆ ಗಿಡ ಹೊಸ ಎಲೆ ಬಿಡುತ್ತಿರುವ ಬೆಚ್ಚನೆಯ ಕಾಲದ ಆರಂಭ. ಚಳಿಯಲ್ಲಿ ಬೇರು ನಿಧಾನ, ಗಾಯ ಮಾಯುವುದೂ ನಿಧಾನ.

ಹಿಂದಿನ ದಿನ ಇಡೀ ಗಿಡವನ್ನು ಚೆನ್ನಾಗಿ ನೆನೆಸಿಡಿ. ನೀರು ಕುಡಿದ ಬೇರಿನ ಮುದ್ದೆ ಮೆತ್ತಗಾಗುತ್ತದೆ, ಮರಿಯೂ ನೀರು ತುಂಬಿಕೊಂಡೇ ಹೊರಬರುತ್ತದೆ. ತೆಳುವಾದ ಹರಿತ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಮರಿಯ ಗುರಾಣಿಯ ಅಂಚನ್ನು ಬೆರಳಿನಿಂದ ಮೆಲ್ಲನೆ ಎತ್ತಿ, ಅದು ಎಲ್ಲಿ ತಾಯಿಗೆ ಅಂಟಿದೆ ಎಂಬುದನ್ನು ನೋಡಿ. ನಂತರ ಗುರಾಣಿಯಿಂದ ಒಂದೆರಡು ಸೆಂಟಿಮೀಟರ್ ಹೊರಗೆ, ತಾಯಿಯ ಒಣಗಿದ ಪದರಗಳ ಮೂಲಕ ಸುತ್ತಲೂ ಕತ್ತರಿಸುತ್ತ ಒಳಕ್ಕೆ ಇಳಿಯಿರಿ. ಮರಿಯ ಹಿಂದೆ ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಬೇರಿನ ಮುದ್ದೆ ಬರುವಂತೆ ಅಡಿಯಿಂದ ಚಾಕು ಆಡಿಸಿ ಬಿಡಿಸಿ. ಎಲೆ ಹಿಡಿದು ಎಳೆಯಬೇಡಿ. ಎಲೆ ಕೈಗೆ ಬಂದು ಕಣ್ಣು ಅಲ್ಲೇ ಉಳಿದುಬಿಡುತ್ತದೆ. ತಾಯಿಯ ಹಸಿರು ಗುರಾಣಿಗೆ ಚೂರು ಗಾಯವಾದರೆ ಗಾಬರಿ ಬೇಡ, ಮುಂದಿನ ಗುರಾಣಿ ಅದನ್ನು ಮುಚ್ಚುತ್ತದೆ. ಗುಂಪಿನ ಒಳಗೆ ಉಂಟಾದ ಕುಳಿಗೆ ಹಸಿ ಮಾಸ್ (ನೀರು ಹಿಡಿದಿಡುವ ಹಾವಸೆ) ತುಂಬಿದರೆ ಸಾಕು.

ಹೊಸ ಮನೆಗೆ ಬೇಕಾದುದು ಒಂದು ಹಲಗೆ ಅಥವಾ ಮರದ ತೊಗಟೆ, ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಮಾಸ್, ನೈಲಾನ್ ದಾರ. ಮಾಸ್ ಸಿಗದಿದ್ದರೆ ಚೆನ್ನಾಗಿ ತೊಳೆದ ತೆಂಗಿನ ನಾರಾದರೂ ಆದೀತು. ಹುಳ ಹಿಡಿಯದಂತೆ ರಾಸಾಯನಿಕ ತುಂಬಿಸಿದ ಮರ ಬೇಡ. ಅಂಥ ಸಂಸ್ಕರಣೆಯಲ್ಲಿ ಅನೇಕ ವೇಳೆ ತಾಮ್ರದ ಲವಣಗಳಿರುತ್ತವೆ, ತಾಮ್ರ ಜರೀಗಿಡಗಳಿಗೆ ಹಾನಿಕರ. ತಾಮ್ರದ ತಂತಿಯಿಂದ ಕಟ್ಟಬಾರದೆನ್ನುವುದೂ ಇದೇ ಕಾರಣಕ್ಕೆ. ಹಲಗೆಯ ಮೇಲೆ ಮಾಸ್‌ನ ಚಪ್ಪಟೆ ಗುಡ್ಡೆ ಮಾಡಿ, ಮರಿಯ ಬೇರನ್ನು ಅದರ ಮೇಲೆ ಕೂರಿಸಿ, ಗುರಾಣಿಯ ಅಂಚು ಹಲಗೆಯ ಕಡೆಗೆ ಬಾಗುವಂತೆ ಒತ್ತಿ. ತಾಯಿಯ ಮೇಲೆ ಯಾವ ಬದಿ ಮೇಲಾಗಿತ್ತೋ ಇಲ್ಲಿಯೂ ಅದೇ ಮೇಲಾಗಿರಲಿ. ದಾರವನ್ನು ಗುರಾಣಿಯ ಮೇಲೆ ಅಡ್ಡಡ್ಡವಾಗಿ ಹಾಯಿಸಿ ಬಿಗಿಯಿರಿ. ಕಣ್ಣಿನ ಮೇಲೆ ದಾರವೂ ಹಾಯಬಾರದು, ಮಾಸ್ ಕೂಡ ಮುಚ್ಚಬಾರದು. ಕಣ್ಣು ಒದ್ದೆಯಲ್ಲಿ ಹೂತುಹೋದರೆ ಕೊಳೆತು ಹೋಗುತ್ತದೆ, ಆಗ ಉಳಿದದ್ದೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ. ಕಟ್ಟಿದ ಮೇಲೆ ಹಲಗೆಯನ್ನು ಅಲುಗಿಸಿದಾಗ ಮರಿ ಅಲುಗಬಾರದು. ಅಲುಗಿದರೆ ಹೊಸದಾಗಿ ಬಂದ ಬೇರಿನ ತುದಿ ಪ್ರತಿ ಸಲವೂ ಮುರಿಯುತ್ತದೆ.

ಮುಂದಿನ ಒಂದೆರಡು ತಿಂಗಳು ನೇರ ಬಿಸಿಲಿಲ್ಲದ ಬೆಳಕು, ತೇವದ ಗಾಳಿ, 20ರಿಂದ 27 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆ ಇದ್ದರೆ ಒಳ್ಳೆಯದು. ಗಾಳಿ ಒಣವಾಗಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಬಹುದು, ಆದರೆ ಬಿಗಿಯಾಗಿ ಮುಚ್ಚದೆ ಗಾಳಿಯಾಡಲು ಸಂದಿ ಬಿಡಿ. ನೀರು ಕೊಡುವ ಲೆಕ್ಕವನ್ನು ದಿನಗಳಲ್ಲಿ ಹಾಕುವುದಕ್ಕಿಂತ ಹಲಗೆಯನ್ನು ಎತ್ತಿ ತೂಕ ನೋಡುವುದು ಲೇಸು. ಹಗುರವೆನಿಸಿದಾಗ ಮಾಸ್ ಪೂರ್ತಿ ನೆನೆಯುವಂತೆ ಹಲಗೆಯನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೀರು ಬಸಿದು ಮತ್ತೆ ತೂಗುಹಾಕಿ. ಎಲೆಗಳ ಮೇಲೆ ಸಿಂಪಡಿಸುವುದರಿಂದ ಗಾಳಿ ತಣ್ಣಗಾಗುತ್ತದೆಯೇ ಹೊರತು ಬೇರಿಗೆ ನೀರು ತಲುಪುವುದಿಲ್ಲ. ಗುರಾಣಿಯ ಬುಡದಲ್ಲಿ ಕಪ್ಪು ಚುಕ್ಕೆಗಳು ಹುಟ್ಟಿ ಹರಡುತ್ತಿದ್ದರೆ ನೀರು ಅತಿಯಾಗಿದೆ ಎಂದು ತಿಳಿಯಿರಿ. ರೈಜಾಕ್ಟೋನಿಯಾ ಎಂಬ ಶಿಲೀಂಧ್ರ ಹೀಗೆ ಕಾಣಿಸಿಕೊಳ್ಳುತ್ತದೆ. ನೀರು ಕಡಿಮೆ ಮಾಡಿ, ಗಾಳಿ ಹೆಚ್ಚು ಆಡುವಂತೆ ಮಾಡಬೇಕು. ಮರಿ ನಿಂತಿತು ಎನ್ನುವುದಕ್ಕೆ ಸಾಕ್ಷಿ ಹೊಸ ಎಲೆ ಮಾತ್ರ. ಹಳೆಯ ಎಲೆ ಹಸಿರಾಗಿರುವುದರಿಂದ ಏನೂ ತೀರ್ಮಾನಿಸಲಾಗದು. ಹೊಸ ಬೆಳವಣಿಗೆ ಕಾಣುವವರೆಗೆ ಗೊಬ್ಬರ ಬೇಡ. ಆಮೇಲೆ ದ್ರವ ಗೊಬ್ಬರವನ್ನು ಹೇಳಿದ ಪ್ರಮಾಣದ ಅರ್ಧಕ್ಕೋ ಕಾಲಕ್ಕೋ ತೆಳುಗೊಳಿಸಿ ಕೊಡಬಹುದು. ಹೊಸ ಗುರಾಣಿ ಹರಡಿ ದಾರವನ್ನು ಮುಚ್ಚಿಕೊಂಡ ಮೇಲೆ ಗಿಡ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಬೀಜಕಣದಿಂದ ಗಿಡ

ಒಂಟಿ ಜಾತಿಗಳಿಗೆ ಉಳಿಯುವುದು ಇದೊಂದೇ ದಾರಿ. ಇದರಲ್ಲಿ ಖರ್ಚು ಏನೂ ಇಲ್ಲ, ಬೇಕಾದುದು ಶುಚಿ ಮತ್ತು ತಾಳ್ಮೆ. ಮರಿ ಹಾಕುವ ಜಾತಿಯೇ ಆಗಿದ್ದರೂ ಒಮ್ಮೆಯಾದರೂ ಇದನ್ನು ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಜರೀಗಿಡದ ಬದುಕಿನ ಅರ್ಧ ಭಾಗ ನಮ್ಮ ಕಣ್ಣಿಗೆ ಬೀಳುವುದು ಹೀಗೆ ಮಾಡಿದಾಗ ಮಾತ್ರ.

ಬೀಜಕಣ ಬೀಜವಲ್ಲ. ಬೀಜದೊಳಗೆ ಆಗಲೇ ರೂಪುಗೊಂಡ ಭ್ರೂಣವೂ ಅದಕ್ಕೆ ಬೇಕಾದ ಆಹಾರವೂ ಇರುತ್ತವೆ. ಬೀಜಕಣ ಒಂದೇ ಒಂದು ಜೀವಕೋಶ. ಅದು ಮೊಳೆತಾಗ ಬರುವುದು ನಾವು ನಿರೀಕ್ಷಿಸುವ ಗಿಡವೂ ಅಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ, ನೆಲಕ್ಕೆ ಅಂಟಿದ ತೆಳು ಹಸಿರು ಹಾಳೆ. ಇದನ್ನು ಪ್ರೋಥ್ಯಾಲಸ್ ಎನ್ನುತ್ತಾರೆ. ಅಂಡ, ವೀರ್ಯಾಣುಗಳು ಹುಟ್ಟುವುದು ಈ ಹಾಳೆಯ ಅಡಿಭಾಗದಲ್ಲಿ. ವೀರ್ಯಾಣು ನೀರಿನ ತೆಳು ಪೊರೆಯಲ್ಲಿ ಈಜಿ ಅಂಡವನ್ನು ತಲುಪಬೇಕು. ಹಾಗೆ ಕೂಡಿದ ಮೇಲೆಯೇ ಹಾಳೆಯ ಅಂಚಿನಿಂದ ನಿಜವಾದ ಪುಟ್ಟ ಎಲೆ ಏಳುತ್ತದೆ. ಜರೀಗಿಡಗಳು ಎಲೆಯಡಿಯ ಹುಡಿಯಿಂದ ಹುಟ್ಟುತ್ತವೆಂಬುದನ್ನು ಜಮೈಕಾದಲ್ಲಿ ವೈದ್ಯನಾಗಿದ್ದ ಜಾನ್ ಲಿಂಡ್ಸೆ ಬಿತ್ತಿ ಬೆಳೆಸಿ ತೋರಿಸಿದ ವರದಿಯನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1794ರಲ್ಲಿ ಪ್ರಕಟಿಸಿತು. ಆದರೆ ಆ ಹಸಿರು ಹಾಳೆಯಲ್ಲಿ ನಡೆಯುವ ಕೂಡುವಿಕೆ ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1851ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಹೋಫ್‌ಮೈಸ್ಟರ್ ಎರಡು ಪೀಳಿಗೆಗಳು ಒಂದಾದ ಮೇಲೊಂದು ಬರುವ ಈ ಜೀವನಚಕ್ರವನ್ನು ಪೂರ್ತಿಯಾಗಿ ವಿವರಿಸಿದರು.

ಬೀಜಕಣ ಸಂಗ್ರಹಿಸುವ ಹದ ಹೀಗೆ. ಎಲೆಯಡಿಯ ಮಚ್ಚೆ ಮೊದಲು ತಿಳಿ ಹಸಿರಾಗಿದ್ದು ಬಲಿಯುತ್ತ ಗಾಢ ಕಂದಾಗುತ್ತದೆ. ಬೆರಳಿನಿಂದ ಮೆಲ್ಲನೆ ಉಜ್ಜಿದಾಗ ಹುಡಿ ಉದುರುವಂತಿದ್ದರೆ ಆ ತುಂಡನ್ನು ಕತ್ತರಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಕೂತು ಬೂಸ್ಟು ಹಿಡಿಯುತ್ತದೆ. ಲಕೋಟೆಯಲ್ಲಿ ಒಣಗುವಾಗ ಉಳಿದ ಕೆಲಸವನ್ನು ಗಿಡವೇ ಮಾಡುತ್ತದೆ. ಪ್ರತಿ ಬೀಜಕಣಕೋಶದ, ಎಂದರೆ ಬೀಜಕಣಗಳನ್ನು ತುಂಬಿಕೊಂಡ ಪುಟ್ಟ ಚೀಲದ, ಬೆನ್ನಿನ ಮೇಲೆ ದಪ್ಪ ಗೋಡೆಯ ಜೀವಕೋಶಗಳ ಪಟ್ಟಿಯೊಂದಿದೆ. ಒಳಗಿನ ನೀರು ಆವಿಯಾದಂತೆ ಆ ಪಟ್ಟಿ ಹಿಂದಕ್ಕೆ ಬಾಗಿ ಕೋಶವನ್ನು ಸೀಳುತ್ತದೆ. ಎಳೆತ ಮಿತಿಮೀರಿ ನೀರಿನಲ್ಲಿ ಗುಳ್ಳೆ ಮೂಡಿದ ಕ್ಷಣ ಪಟ್ಟಿ ಫಕ್ಕನೆ ಮುಂದಕ್ಕೆ ಹಾರಿ, ಒಳಗಿದ್ದ ಬೀಜಕಣಗಳನ್ನು ಎಸೆಯುತ್ತದೆ. ಕೆಲವು ದಿನಗಳಲ್ಲಿ ಲಕೋಟೆಯ ತಳದಲ್ಲಿ ಹುಡಿ ಕಾಣಿಸುತ್ತದೆ. ಅದರಲ್ಲಿ ಒಡೆದ ಕೋಶಗಳ ಹೊಟ್ಟು, ರೋಮಗಳು ಬೆರೆತಿರುತ್ತವೆ. ಕಾಗದವನ್ನು ಓರೆಯಾಗಿ ಹಿಡಿದು ಮೆಲ್ಲನೆ ತಟ್ಟಿದರೆ ಹೊಟ್ಟು ಬೇಗ ಜಾರಿಹೋಗಿ, ಸಣ್ಣ ಬೀಜಕಣಗಳು ಕಾಗದಕ್ಕೆ ಅಂಟಿಕೊಂಡು ಹಿಂದುಳಿಯುತ್ತವೆ. ಈ ಶೋಧನೆಯನ್ನು ಬಿಡಬೇಡಿ, ಶಿಲೀಂಧ್ರ ಬರುವುದು ಹೆಚ್ಚಾಗಿ ಹೊಟ್ಟಿನ ಜೊತೆಗೆ. ಬೈಫರ್ಕೇಟಮ್‌ನಂಥ ಜಾತಿಗಳ ಬೀಜಕಣಗಳನ್ನು ಒಣಗಿಸಿ ತಂಪಾದ ಕಡೆ ಇಟ್ಟುಕೊಳ್ಳಬಹುದು. ವಾಲಿಚೀಯದು ಮಾತ್ರ ಹಸಿರು ಬೀಜಕಣ, ಅದರ ಆಯುಸ್ಸು ಚಿಕ್ಕದು. ಸಿಕ್ಕ ಕೂಡಲೇ ಬಿತ್ತಬೇಕು.

ಮುಚ್ಚಳವಿರುವ ಪಾರದರ್ಶಕ ಡಬ್ಬಿಯೊಂದನ್ನು ಬಿಸಿನೀರಿನಲ್ಲಿ ತೊಳೆದುಕೊಳ್ಳಿ. ನುಣ್ಣಗಿನ ಕೊಕೊಪೀಟ್ ಅಥವಾ ಪೀಟ್ ಮಾಸ್ ಅನ್ನು ಎರಡು ಮೂರು ಸೆಂಟಿಮೀಟರ್ ಹರಡಿ, ಕುದಿಯುವ ನೀರನ್ನು ಸುರಿದು, ಮುಚ್ಚಿ ತಣಿಯಲು ಬಿಟ್ಟು, ಹೆಚ್ಚಿನ ನೀರನ್ನು ಬಸಿಯಿರಿ. ಗಾಳಿಯಾಡದ ಜಾಗದಲ್ಲಿ, ಮಡಿಸಿದ ಕಾಗದದಿಂದ ಚಿಟಿಕೆಯಷ್ಟು ಹುಡಿಯನ್ನು ಮೇಲ್ಮೈ ಪೂರ್ತಿ ಬೀಳುವಂತೆ ತೆಳುವಾಗಿ ಉದುರಿಸಿ. ಮೊಳೆಯಲು ಬೆಳಕು ಬೇಕಾದುದರಿಂದ ಮೇಲೆ ಏನನ್ನೂ ಮುಚ್ಚಬಾರದು. ಎಲ್ಲರೂ ತಪ್ಪುವುದು ಇಲ್ಲೇ, ಹೆಚ್ಚು ಹಾಕಿದರೆ ಹೆಚ್ಚು ಗಿಡ ಎಂದುಕೊಳ್ಳುತ್ತಾರೆ. ಒತ್ತೊತ್ತಾಗಿ ಹುಟ್ಟಿದ ಹಾಳೆಗಳು ಸೊರಗಿ ಸಣ್ಣದಾಗಿಯೇ ಉಳಿಯುತ್ತವೆ, ಅವುಗಳಲ್ಲಿ ಅಂಡ ಸರಿಯಾಗಿ ಬೆಳೆಯುವುದಿಲ್ಲ. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯ ಬಳಿ ಅಥವಾ ದೀಪದ ಕೆಳಗೆ ಇಡಿ. ಬಿಸಿಲು ಬಿದ್ದರೆ ಮುಚ್ಚಿದ ಡಬ್ಬಿಯೊಳಗೆ ಎಲ್ಲವೂ ಬೆಂದುಹೋಗುತ್ತದೆ.

ಮುಚ್ಚಿದ ಡಬ್ಬಿಗೆ ವಾರಗಟ್ಟಲೆ ನೀರು ಹಾಕಬೇಕಿಲ್ಲ. ಒಳಗಿನ ನೀರು ಆವಿಯಾಗಿ, ಮುಚ್ಚಳದಲ್ಲಿ ಹನಿಗಟ್ಟಿ ಮತ್ತೆ ಕೆಳಗಿಳಿಯುತ್ತದೆ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಇಟ್ಟಿದ್ದ ಮುಚ್ಚಿದ ಬಾಟಲಿಯಲ್ಲಿ ಜರೀಗಿಡವೊಂದು ತಾನಾಗಿ ಮೊಳೆತದ್ದನ್ನು ಕಂಡರು. ಹಡಗುಗಳಲ್ಲಿ ಗಿಡಗಳನ್ನು ಖಂಡದಿಂದ ಖಂಡಕ್ಕೆ ಒಯ್ದ ಗಾಜಿನ ಪೆಟ್ಟಿಗೆಗಳು ಬಂದದ್ದು ಆ ಗಮನಿಸುವಿಕೆಯಿಂದ. ನಮ್ಮ ಡಬ್ಬಿಯೂ ನಡೆಯುವುದು ಅದೇ ತತ್ವದ ಮೇಲೆ.

ಎರಡರಿಂದ ಆರು ವಾರಗಳಲ್ಲಿ ಮೇಲ್ಮೈಗೆ ಹಸಿರು ಛಾಯೆ ಬರುತ್ತದೆ. ಇದು ಪಾಚಿಯೋ ಪ್ರೋಥ್ಯಾಲಸ್ಸೋ ಎಂಬುದು ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಪಾಚಿ ಲೋಳೆಯಂತೆ ಹರಡುತ್ತದೆ, ಪ್ರೋಥ್ಯಾಲಸ್‌ಗೆ ಪ್ರತ್ಯೇಕ ಅಂಚುಗಳಿರುತ್ತವೆ. ಬಿಳಿ ಬೂಸ್ಟಿನ ಎಳೆ ಕಂಡರೆ ಆ ಭಾಗವನ್ನು ಸುತ್ತಲಿನ ಒಂದಷ್ಟು ಪೀಟ್ ಸಮೇತ ಚಮಚದಿಂದ ಕೂಡಲೇ ತೆಗೆದುಬಿಡಬೇಕು. ಪುಟ್ಟ ಕಪ್ಪು ನೊಣಗಳು ಒಳಸೇರದಂತೆಯೂ ನೋಡಿಕೊಳ್ಳಿ, ಅವುಗಳ ಮರಿಹುಳುಗಳು ಪ್ರೋಥ್ಯಾಲಸ್ಸನ್ನು ತಿನ್ನುತ್ತವೆ. ಎರಡು ಮೂರು ತಿಂಗಳಾಗಿ ಹೃದಯದಾಕಾರ ಸ್ಪಷ್ಟವಾದ ಮೇಲೆ ಕುದಿಸಿ ತಣಿಸಿದ ನೀರನ್ನು ನವಿರಾಗಿ, ಮೇಲ್ಮೈ ಹೊಳೆಯುವಷ್ಟು ಸಿಂಪಡಿಸಿ. ವೀರ್ಯಾಣು ಈಜಲು ಬೇಕಾದ ನೀರು ಇದೇ. ಹಾಳೆಗಳು ಚೆನ್ನಾಗಿ ಹಸಿರಾಗಿದ್ದೂ ತಿಂಗಳುಗಟ್ಟಲೆ ಎಲೆ ಏಳದಿದ್ದರೆ ಮೊದಲು ಸಂದೇಹಪಡಬೇಕಾದದ್ದು ಈ ನೀರಿನ ಕೊರತೆಯನ್ನು. ವಾರಕ್ಕೊಮ್ಮೆ ಸಿಂಪಡಿಸುತ್ತ ಹೋದರೆ ಕೆಲವು ತಿಂಗಳಲ್ಲಿ ನೆಟ್ಟಗೆ ನಿಂತ ಪುಟಾಣಿ ಎಲೆಗಳು ಕಾಣುತ್ತವೆ. ಅವುಗಳಲ್ಲಿ ಕವಲಿರುವುದಿಲ್ಲ, ಜಾತಿಯ ಚಹರೆ ಬರಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ.

ಮರಿಯ ಹಾಗಲ್ಲ, ಈ ಸಸಿಗಳು ತಾಯಿಯ ತದ್ರೂಪಾಗಿರುವುದಿಲ್ಲ. ಎರಡು ಜಾತಿಯ ಗಿಡಗಳು ಅಕ್ಕಪಕ್ಕದಲ್ಲಿದ್ದು ಬೀಜಕಣಗಳು ಬೆರೆತಿದ್ದರೆ ಮಿಶ್ರತಳಿಯೂ ಬರಬಹುದು. ವಿಶೇಷ ತಳಿಯೊಂದನ್ನು ಅದರ ಗುಣಗಳ ಸಮೇತ ಉಳಿಸಿಕೊಳ್ಳಬೇಕೆಂದಿದ್ದರೆ ಮರಿಯನ್ನೇ ಬಿಡಿಸಬೇಕು. ಒಂದೇ ಡಬ್ಬಿಯ ಸಸಿಗಳಲ್ಲಿ ಒಂದಕ್ಕೆ ಅಗಲ ಎಲೆ, ಇನ್ನೊಂದಕ್ಕೆ ಹೆಚ್ಚು ಕವಲು ಬರುವುದನ್ನು ನೋಡುವ ಸಂತೋಷ ಬೇಕಿದ್ದವರಿಗೆ ಬೀಜಕಣ.

ಸಸಿಗಳಿಗೆ ಎರಡು ಮೂರು ಎಲೆ ಬಂದ ಮೇಲೆ ಚಿಕ್ಕ ಗುಂಪುಗಳಾಗಿ ಎತ್ತಿ, ಹಸಿ ಮಾಸ್ ಮತ್ತು ಪೀಟ್ ಬೆರೆಸಿದ ಇನ್ನೊಂದು ಡಬ್ಬಿಗೆ ಸ್ಥಳಾಂತರಿಸಿ, ಮತ್ತೆ ಮುಚ್ಚಿ. ಒಂದೊಂದನ್ನೇ ಬಿಡಿಸುವ ಅವಸರ ಬೇಡ, ಗುಂಪಾಗಿದ್ದಾಗ ಬೇರು ಒಣಗುವುದು ಕಡಿಮೆ. ಅವು ಚೇತರಿಸಿಕೊಂಡ ಬಳಿಕ ಮುಚ್ಚಳವನ್ನು ಮೊದಲು ಕೂದಲೆಳೆಯಷ್ಟು, ಕೆಲವು ದಿನ ಬಿಟ್ಟು ಬೆರಳಿನಷ್ಟು, ಹೀಗೆ ಮೂರು ನಾಲ್ಕು ವಾರಗಳಲ್ಲಿ ಹಂತಹಂತವಾಗಿ ತೆರೆಯುತ್ತ ಬನ್ನಿ. ನೂರಕ್ಕೆ ನೂರು ತೇವದಲ್ಲಿ ಬೆಳೆದ ಎಲೆಗೆ ಹೊರಗಿನ ಗಾಳಿಯನ್ನು ತಡೆಯುವ ಶಕ್ತಿ ಒಮ್ಮೆಲೇ ಬರುವುದಿಲ್ಲ. ಒಂದೇ ದಿನ ಪೂರ್ತಿ ತೆರೆದರೆ ಸಂಜೆಯೊಳಗೆ ಎಲ್ಲ ಬಾಡಿಬಿಡಬಹುದು. ಎಲೆ ಸೋತು ಬಾಗಿದರೆ ಒಂದು ಹಂತ ಹಿಂದೆ ಸರಿದು ಮತ್ತೆ ಮುಚ್ಚಬೇಕು. ನಂತರ ಚಿಕ್ಕ ಕುಂಡಗಳಲ್ಲಿ, ಸಡಿಲವಾದ ಮಾಸ್‌ನಲ್ಲಿ ಬೆಳೆಸಿ. ಮೊದಲ ದುಂಡನೆಯ ಗುರಾಣಿ ಬಂದು ಕುಂಡದ ಅಂಚನ್ನು ಮುಟ್ಟಿದಾಗ ಆ ಗಿಡ ಹಲಗೆಗೆ ಏರಲು ಸಿದ್ಧ. ಅಲ್ಲಿಂದ ಮುಂದೆ ಮಾಡಬೇಕಾದುದು ಬಿಡಿಸಿದ ಮರಿಗೆ ಮಾಡಿದ್ದೇ.